ಖಾಲಿ ಕಂಡ ತೊಟ್ಟಿಲು

ನಾನು ಒಂದು ತೊಟ್ಟಿಲು. ಜೋಗುಳದಲ್ಲಿ ಬರುವಂಥ ಚಿನ್ನದ್ದಲ್ಲ, ಮರದ್ದೂ ಅಲ್ಲ, ಕಬ್ಬಿಣದ ಪೈಪಿನದು. ಮದ್ದೂರಿನ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ಗೇಟು, ಕಿಟಕಿ ಸರಳು ಮಾಡಿ ಪಳಗಿದ್ದ ಆ ವೆಲ್ಡರ್, ಪರೀಕ್ಷಿಸಲು ಮಗು ಸಿಗದೆ ಅರ್ಧ ಮೂಟೆ ಸಿಮೆಂಟನ್ನೇ ನನ್ನಲ್ಲಿ ಮಲಗಿಸಿ ತೂಗಿದ. "ತಡೀತದೆ ಬುಡು" ಅಂದ. ನನ್ನ ಚೊಚ್ಚಲು ಕೂಸು ಸಿಮೆಂಟು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಲ್ಲಿಂದ ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಬಂದೆ. ಹೊಲಿಗೆ ಹಾಲ್‌ನ ಹಿಂಬದಿಯಲ್ಲಿ ಮಕ್ಕಳ ಕೋಣೆ. ಅಲ್ಲಿನ ಆಯಾ ದೇವೀರಮ್ಮ ತನ್ನ ಹಳೆಯ ನೂಲಿನ ಸೀರೆಯನ್ನು ಮಡಿಸಿ ನನಗೆ ಕಟ್ಟಿದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆ ಕೋಣೆಯೇ ಅವಳ ಸಂಸಾರ. ಟೈಲರ್ ನೇತ್ರಾಳ ಹಾಲುಗೂಸು ಇಂಚರ ನನ್ನ ಪಾಲಿಗೆ ಬಂತು. ನೇತ್ರಾಳ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ದೇವೀರಮ್ಮ ಇದ್ದುದರಿಂದಲೇ ಅವಳು ದುಡಿಯಲು ಬರುತ್ತಿದ್ದಳು.

ಹನ್ನೊಂದಕ್ಕೆ ಮಿಷನ್‌ಗಳು ನಿಲ್ಲುತ್ತಿದ್ದವು. ಬಿಡುವು ಬಲು ಚಿಕ್ಕದು. ತಾಯಂದಿರು ಕೋಣೆಗೆ ಓಡಿಬಂದು ಹಾಲೂಡಿಸುವಷ್ಟರಲ್ಲಿ ಮತ್ತೆ ಬೆಲ್ಲು. ಅದಕ್ಕೆ ದೇವೀರಮ್ಮ ತಾನೇ ಮಕ್ಕಳನ್ನು ತಾಯಂದಿರು ಕೂತಲ್ಲಿಗೆ ಹೊತ್ತೊಯ್ಯುತ್ತಿದ್ದಳು. ಕೈಗೂಸುಗಳು ಕಂಕುಳಲ್ಲಿ, ನಡೆಯುವವು ಸೆರಗು ಹಿಡಿದುಕೊಂಡು. ಹಾಲು ಕುಡಿದ ಮೇಲೆ ಎಲ್ಲವನ್ನೂ ಮರಳಿ ತಂದು ಮಲಗಿಸುತ್ತಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಗ ಬಂದರು ಎಚ್‌ಆರ್‌ನ ಸುದರ್ಶನ್. ಎಲ್ಲೆಲ್ಲಿ ಆಳು ಹೆಚ್ಚಾಗಿದ್ದಾರೆಂದು ನೋಡುವುದು ಅವರ ಕೆಲಸ. ಕೆಟ್ಟವರಲ್ಲ. ಹೊಲಿಗೆಗೆ ಅಡ್ಡಿಯಾಗಬಾರದೆಂದು ಬಿಡುವಿನ ಹೊತ್ತು ನೋಡಿಕೊಂಡೇ ಬರುತ್ತಿದ್ದರು. ಬಂದಾಗಲೆಲ್ಲ ಕೋಣೆ ಬಿಕೋ ಎನ್ನುತ್ತಿತ್ತು. ಒಂದು ದಿನ ದೇವೀರಮ್ಮ ಮರೆತ ಬಟ್ಟೆ ಒಯ್ಯಲು ಓಡಿಬಂದವಳು ಅವರನ್ನು ಕಂಡಳು.

"ಮಕ್ಳು ಅವ್ವಂದಿರ ತಾವ ಹೋಗವೆ ಸಾ. ಇನ್ನೊಂದ್ ಗಳ್ಗೆಲಿ ಬತ್ತವೆ, ಕುಂತ್ಕಳಿ."

"ಓ, ತಾಯಂದಿರ ಹತ್ತಿರಾನೇ ಇರ್ತವಾ? ಸರಿ ಸರಿ" ಎನ್ನುತ್ತಾ ಅವರು ಹೊರಟೇಬಿಟ್ಟರು. ಆ ಒಂದು ಗಳಿಗೆ ಕೂತಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕೆಲವು ದಿನಗಳ ಮೇಲೆ ಅದೇ ಹೊತ್ತಿಗೆ ಅವರು ಸೂಪರ್‌ವೈಸರ್ ಪರಿಮಳಾ ಅವರನ್ನು ಕರೆತಂದು ತೋರಿಸಿದರು. "ಆಯಾ ಬೇಡ. ಎಲ್ಲೋ ಒಂದೆರಡು ಮಕ್ಕಳು ಇದ್ರೆ ಕಸ ಗುಡಿಸೋರು ನೋಡ್ಕೋತಾರೆ."

"ಸರ್, ಇದು ಹಾಲು ಕುಡಿಸೋ ಹೊತ್ತಲ್ವಾ? ಬೇರೆ ಹೊತ್ತಲ್ಲಿ ಒಂದ್ಸಲ ನೋಡಬಹುದಿತ್ತು."

"ಒಂದು ದಿನ ಖಾಲಿ ಇದ್ದಿದ್ರೆ ನಾನೂ ಅನುಮಾನ ಪಡ್ತಿದ್ದೆ ಮೇಡಂ. ಬಂದಾಗಲೆಲ್ಲ ಖಾಲೀನೇ. ಇನ್ನೇನು ಸಾಕ್ಷಿ ಬೇಕು?"

ಒಂದೇ ಹೊತ್ತಿನಲ್ಲಿ ಎಷ್ಟು ಸಲ ನೋಡಿದರೂ ಅದು ಒಂದೇ ಸಲ ನೋಡಿದ ಹಾಗೆ ಎಂಬುದು ಪರಿಮಳಾ ಅವರ ಬಾಯಿಯವರೆಗೆ ಬಂದಿತ್ತು. ತಮ್ಮ ಕೆಲಸವೂ ನೆನಪಾಗಿರಬೇಕು, "ಆಯ್ತು ಸರ್" ಅಂದರು.

ಕೊನೆಯ ದಿನ ದೇವೀರಮ್ಮ ನನ್ನ ಸೀರೆ ಬಿಚ್ಚಿ ಒಗೆದು, ಒಣಗಿಸಿ ಮತ್ತೆ ಕಟ್ಟಿದಳು. ಮಗುವನ್ನು ಎತ್ತಿಕೊಳ್ಳಲು ಬಂದ ನೇತ್ರಾಳೆದುರು ಅತ್ತುಬಿಟ್ಟಳು.

"ನಾನೇ ಕೆಟ್ಟೆ ಕಣವ್ವ. ಮಕ್ಳ ಇಲ್ಲೇ ಮಡಿಕಂಡಿದ್ರೆ ಅವ್ರ ಕಣ್ಗೆ ಬೀಳವು."

"ಅಂಗನ್ಬ್ಯಾಡ ದೇವೀರಕ್ಕ. ನೀನು ತಕ್ಕಬರದೇ ಇದ್ದಿದ್ರೆ ನನ್ ಕೂಸು ಹಸ್ಕಂಡಿರದು."

ಇಬ್ಬರೂ ಸರಿಯೇ. ಚೆನ್ನಾಗಿ ಕೆಲಸ ಮಾಡಿದ್ದೇ ಆ ಹೆಂಗಸಿಗೆ ಮುಳುವಾಯಿತು.

ಆಮೇಲೆ ಕಸ ಗುಡಿಸುವಾಕೆ ಆಗೀಗ ಇಣುಕುತ್ತಿದ್ದಳು. ಇಡೀ ಕಟ್ಟಡ ಅವಳ ತಲೆಯ ಮೇಲಿತ್ತು, ಅವಳಾದರೂ ಏನು ಮಾಡಿಯಾಳು? ಒಂದು ಮಧ್ಯಾಹ್ನ ಇಂಚರ ಒದ್ದೆಯಲ್ಲೇ ಮಲಗಿ, ಗಂಟಲು ಕಟ್ಟುವವರೆಗೆ ಅತ್ತಳು. ನನಗೆ ಕೈಯಿಲ್ಲ. ಯಾರೂ ದೂಡದಿದ್ದರೆ ನಾನು ತೂಗಲಾರೆ. ನೇತ್ರಾ ಬಂದು, ದನಿಯಿಲ್ಲದೆ ಬಾಯಿ ತೆರೆಯುತ್ತಿದ್ದ ಮಗುವನ್ನು ಎದೆಗವಚಿಕೊಂಡು ಹೋದವಳು ಮರುದಿನ ಕೆಲಸಕ್ಕೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಬಿಟ್ಟರು.

ಸುದರ್ಶನ್ ಪರಿಮಳಾ ಅವರೊಂದಿಗೆ ಮತ್ತೆ ಬಂದರು. ಈ ಸಲ ಮಧ್ಯಾಹ್ನ, ಮಿಷನ್‌ಗಳು ಓಡುವ ಹೊತ್ತಿನಲ್ಲಿ. "ನೋಡಿ ಮೇಡಂ, ನೀವು ಹೇಳಿದ ಹಾಗೆ ಬೇರೆ ಹೊತ್ತಲ್ಲೇ ಬಂದಿದ್ದೀನಿ. ಒಂದು ಮಗುವಾದರೂ ಇದೆಯಾ?"

ಈಗ ನಾನು ಗೇಟಿನ ಪಕ್ಕದ ಸ್ಟೋರ್ ಕೋಣೆಯಲ್ಲಿದ್ದೇನೆ. ಕೀಲುಗಳಿಗೆ ತುಕ್ಕು ಹಿಡಿದಿದೆ. ಮೈತುಂಬ ಹಳೆಯ ವೈರು, ಖಾಲಿ ದಾರದ ಕೋನುಗಳು. ಹೊರಗೆ 'ಟೈಲರ್‌ಗಳು ಬೇಕಾಗಿದ್ದಾರೆ' ಎಂಬ ಬೋರ್ಡು ತಿಂಗಳುಗಟ್ಟಲೆಯಿಂದ ತೂಗುತ್ತಿದೆ. ನಿನ್ನೆ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಿದ್ದಳು.

"ಅಣ್ಣ, ಇಲ್ಲಿ ಮಕ್ಳ ನೋಡ್ಕಳೋರು ಯಾರಾದ್ರೂ ಅವ್ರಾ?"

ಗೇಟಿನವನು ಮರುಕದಿಂದಲೇ ಹೇಳಿದ: "ಇಲ್ಲ ಕಣವ್ವ. ಈ ಫ್ಯಾಕ್ಟ್ರಿಗೆ ಮಕ್ಳ ಯಾರೂ ಕರ್ಕಬರಕಿಲ್ಲ."

ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು. ಅವನು ಹೇಳಿದ್ದು ಸುಳ್ಳೆಂದು ನಾನು ಹೇಗೆ ಹೇಳಲಿ? ಈಗ ಅದು ನಿಜ.