ಐರಾ ಕೋಲ್ಡ್‌ವೆಲ್‌ನ ವಾರಸುದಾರ

ಲಂಡನ್ನಿನವರು ಬುಧವಾರವೇ ಓದಿ ಮುಗಿಸುವ ಸಂಗೀತ ವಾರಪತ್ರಿಕೆ ಗ್ರಿಮ್ಸ್‌ಬಿಯ ಮೀನು ಬಂದರಿಗೆ ಬರುವಾಗ ಗುರುವಾರವಾಗಿರುತ್ತಿತ್ತು. ೧೯೮೩ರ ಮಾರ್ಚಿನ ಅಂಥದೊಂದು ಗುರುವಾರ ಆಲ್ವಿನ್ ಥ್ಯಾಕ್ರೆ ಮೀನು ಕಾರ್ಖಾನೆಯ ಪಾಳಿ ಮುಗಿಸಿ, ಪತ್ರಿಕೆ ಅಂಗಡಿಯಲ್ಲಿ ನಿಂತಲ್ಲೇ ತನ್ನ ಬಗ್ಗೆ ಓದಿದ.

‘ಐರಾ ಕೋಲ್ಡ್‌ವೆಲ್ ಸತ್ತು ಐದು ವರ್ಷವಾಯಿತು. ಈ ವಾರ ಅವನ ಗೋರಿಯ ಕಲ್ಲು ಅಲುಗಿದೆ’ ಎಂದು ವಿಮರ್ಶೆ ಶುರುವಾಗಿತ್ತು. ಕೋಲ್ಡ್‌ವೆಲ್ ಎಂದರೆ ತಗ್ಗಿನ ದನಿಯ, ದುಃಖದ ಹಾಡುಗಳ ಗಾಯಕ. ಬರೆದವನು ಡಂಕನ್ ಫೆರಿಬಿ. ಅವನು ಹೊಗಳಿದರೆ ಹುಲ್ಲುಕಡ್ಡಿಯೂ ತೇಗದ ಮರ. ‘ಹಾಫ್ ಡೇ’ ಎಂಬ ತಂಡದ ಹೆಸರಿನಲ್ಲೇ ಅವನಿಗೆ ಬದುಕಿನ ಅಪೂರ್ಣತೆ ಕಂಡಿತ್ತು. ಅವರ ಮೊದಲ ಹಾಡು ‘ಮೂರೂವರೆ ನಿಮಿಷದ ಶವಯಾತ್ರೆ’. ಗಾಯಕನ ದನಿ ‘ಹಾಳುಬಾವಿಯ ತಳದಿಂದ ಬಂದದ್ದು, ಕೋಲ್ಡ್‌ವೆಲ್‌ನ ಏಕೈಕ ವಾರಸುದಾರನದು.’

ಆ ಗಾಯಕ ಆಲ್ವಿನ್. ಅವನ ದನಿ ಸಣ್ಣದು, ಎತ್ತರದ್ದು. ಹಾಡು ಶನಿವಾರ ಮಧ್ಯಾಹ್ನ ಬೇಕರಿಯಿಂದ ಬಿಡುಗಡೆಯಾಗಿ ಕುಣಿಯಲು ಓಡುವ ಹುಡುಗಿಯೊಬ್ಬಳ ಕುರಿತದ್ದು. ಆ ಹುಡುಗಿ ಅವನ ಅಕ್ಕ ಜೆನೆಟ್. ತಂಡದಲ್ಲಿ ಡ್ರಮ್ ಬಾರಿಸುವವಳೂ ಅವಳೇ. ಮೂರನೆಯವನು ಬೂತ್‌ರಾಯ್ಡ್, ಬೇಸ್ ಗಿಟಾರಿನವನು. ಅವನು ಮಾತಾಡುವುದೇ ಅಪರೂಪ, ಈ ಕಥೆಯಲ್ಲೂ ಮಾತಾಡುವುದಿಲ್ಲ.

“ಶವಯಾತ್ರೆ ಅಂತೆ,” ಎಂದಳು ಜೆನೆಟ್, ಮನೆಯಲ್ಲಿ ಪತ್ರಿಕೆ ಹರಡಿಕೊಂಡು. “ಯಾರದು, ನಂದಾ?”

“ಹೊಗಳಿದಾನೆ ಕಣೆ.”

“ಹೊಗಳಿರೋದು ಯಾರನ್ನ ಅಂತ ನೋಡು. ನಮ್ಮ ಹಾಡು ಎರಡೂ ಮುಕ್ಕಾಲು ನಿಮಿಷಾನೂ ಇಲ್ಲ. ಇವನಿಗೆ ಮೂರೂವರೆ ಎಲ್ಲಿಂದ ಸಿಕ್ತು?”

ಉತ್ತರ ಅವಳಿಗೇ ಹೊಳೆಯಿತು. ಪತ್ರಿಕೆಗಳಿಗೆ ಮೊದಲೇ ಕಳಿಸುವ ಮಾದರಿ ರೆಕಾರ್ಡಿನ ನಡುವೆ ಬರೀ ಬಿಳಿ ಕಾಗದ ಅಂಟಿಸಿರುತ್ತಾರೆ, ವೇಗ ಬರೆದಿರುವುದಿಲ್ಲ. ದೊಡ್ಡ ತಟ್ಟೆಯಾದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು ಎಂದುಕೊಂಡು ಸೂಜಿ ಇಳಿಸುವುದು ರೂಢಿ. ಇವರದು ದೊಡ್ಡ ತಟ್ಟೆಯೇ, ಆದರೆ ನಲವತ್ತೈದು ಸುತ್ತಿನದು.

ಜೆನೆಟ್ ತಮ್ಮ ಪ್ರತಿಯನ್ನು ಮೂವತ್ತಮೂರಕ್ಕೆ ಇಟ್ಟಳು. ಅವಳ ಡ್ರಮ್ ಯಾರೋ ಭಾರದ ಪೆಟ್ಟಿಗೆಯನ್ನು ಮೆಟ್ಟಿಲಿಳಿಸುವಂತೆ ಕೇಳಿಸಿತು. ಅದರ ಮೇಲೆ, ಆಲ್ವಿನ್‌ನ ಗಂಟಲಿನಿಂದ, ಐವತ್ತು ದಾಟಿದ ವಿಧುರನೊಬ್ಬ ಬೇಕರಿಯ ಬಗ್ಗೆ ನರಳಿದ.

ಅಡುಗೆಮನೆಯಿಂದ ಅಮ್ಮ ಕೇಳಿದಳು: “ಯಾರು ಹೋದ್ರು?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಡು ಮುಗಿಯುವ ಹೊತ್ತಿಗೆ ಜೆನೆಟ್ ಒಬ್ಬಳೇ ನಗುತ್ತಿದ್ದಳು.

ರೆಕಾರ್ಡ್ ಕಂಪನಿಯ ಪಿಯರ್ಸ್ ಲೋಮ್ಯಾಕ್ಸ್‌ಗೆ ಫೋನ್ ಮಾಡಿದಾಗ ಅವನೂ ನಕ್ಕ. ಸಂಜೆಗೆ ಅವನೇ ಫೋನ್ ಮಾಡಿದಾಗ ನಗುತ್ತಿರಲಿಲ್ಲ. ದೇಶದ ಅಂಗಡಿಗಳೆಲ್ಲ ಕೋಲ್ಡ್‌ವೆಲ್‌ನ ವಾರಸುದಾರನನ್ನು ಕೇಳುತ್ತಿದ್ದವು. ಮಾರಾಟದ ಪ್ರತಿಗಳ ಮೇಲೆ ಮೂವತ್ತಮೂರು ಎಂದೇ ಅಚ್ಚು ಹಾಕಿಸುತ್ತೇನೆ ಎಂದ.

“ಅದು ಸುಳ್ಳಲ್ವಾ?” ಎಂದ ಆಲ್ವಿನ್.

“ಸುಳ್ಳು ಹೇಗಪ್ಪಾ? ರೆಕಾರ್ಡು ಅದೇ. ಎಷ್ಟು ವೇಗಕ್ಕೆ ತಿರುಗಿಸ್ಬೇಕು ಅನ್ನೋದು ಕೊಂಡೋರಿಷ್ಟ. ನಾವು ಒಂದು ಸಲಹೆ ಕೊಡ್ತೀವಿ, ಅಷ್ಟೆ.”

ಒಂದೇ ಹಾಡಿಗೆ ತಾನೇ, ಎಂದುಕೊಂಡು ಆಲ್ವಿನ್ ಒಪ್ಪಿದ.

ಮುಂದಿನ ವಾರಗಳಲ್ಲಿ ಉಳಿದ ಪತ್ರಿಕೆಗಳೂ ಬರೆದವು. ಒಬ್ಬ ‘ಕೋಲ್ಡ್‌ವೆಲ್‌ನ ಅನಾಥ ಮಗು’ ಎಂದರೆ, ಇನ್ನೊಬ್ಬ ‘ಕೋಲ್ಡ್‌ವೆಲ್ ಮತ್ತು ಖಾಲಿ ಚರ್ಚು’ ಎಂದ. ಮೂರನೆಯವನು ‘ಕೋಲ್ಡ್‌ವೆಲ್‌ಗಿಂತ ಹೆಚ್ಚು ಕೋಲ್ಡ್‌ವೆಲ್’ ಎಂದು ಬರೆದು ಆ ಸ್ಪರ್ಧೆ ಮುಗಿಸಿದ. ಒಬ್ಬರ ಕಿವಿ ಕೆಟ್ಟರೆ ಊರವರ ಕಿವಿಯೆಲ್ಲ ಕೆಡಬೇಕಾಗಿಲ್ಲ; ಉಳಿದವರು ಕಿವಿಯಿಂದ ಬರೆದಿರಲೇ ಇಲ್ಲ, ಫೆರಿಬಿಯನ್ನು ಓದಿ ಬರೆದಿದ್ದರು.

ಶೆಫೀಲ್ಡಿನ ಮೊದಲ ದೊಡ್ಡ ಕಛೇರಿಗೆ ನಾನೂರು ಜನ ಬಂದಿದ್ದರು. ಬೆಚ್ಚನೆಯ ಮೇ ತಿಂಗಳಲ್ಲಿ ಎಲ್ಲರೂ ಉದ್ದನೆಯ ಕಪ್ಪು ಕೋಟು ತೊಟ್ಟು ಬೆವರುತ್ತಿದ್ದರು. ಹಾಫ್ ಡೇ ತಮ್ಮ ವೇಗದಲ್ಲೇ ಹಾಡಿತು. ಮೊದಲನೆಯದು ಮುಗಿದಾಗ ಮೌನ. ಎರಡನೆಯದು ಮುಗಿದಾಗ ಹಿಂದಿನಿಂದ ಒಬ್ಬ ಕೂಗಿ ಹೇಳಿದ: “ಸಾಕು ಇಳೀರಪ್ಪ, ಹಾಫ್ ಡೇನ ಕಳಿಸಿ.”

ಆಲ್ವಿನ್ ಹಿಂದಿರುಗಿ ಅಕ್ಕನ ಮುಖ ನೋಡಿದ. ಆಮೇಲೆ ಗದ್ದವನ್ನು ಎದೆಗೆ ಒತ್ತಿಕೊಂಡು, ಮೂರನೆಯ ಹಾಡನ್ನು ನಿಧಾನವಾಗಿ, ಗಂಟಲಿನ ತೀರ ಕೆಳಗಿನ ಮೆಟ್ಟಿಲಲ್ಲಿ ಶುರು ಮಾಡಿದ. ಜನ ಕಣ್ಣು ಮುಚ್ಚಿಕೊಂಡರು. ಜೆನೆಟ್ ಒಂದು ಪೆಟ್ಟು ಕೊಟ್ಟು, ಮುಂದಿನದಕ್ಕೆ ಕೋಲೆತ್ತಿಕೊಂಡು ಬಸ್ಸಿಗೆ ಕಾಯುವವಳಂತೆ ಕಾಯುತ್ತಿದ್ದಳು.

“ಇದನ್ನ ಎಷ್ಟು ದಿನ ಮಾಡ್ಬೇಕು?” ಎಂದು ವ್ಯಾನಿನಲ್ಲಿ ಕೇಳಿದಳು.

“ಫೆರಿಬಿ ಲೀಡ್ಸ್‌ಗೆ ಬರ್ತಾನಂತೆ, ಸಂದರ್ಶನಕ್ಕೆ. ಹೇಳ್ಬಿಡ್ತೀನಿ. ಅವನೇ ತಿದ್ದಿ ಬರೀಲಿ, ಆಮೇಲೆ ನಮ್ಮಷ್ಟಕ್ಕೆ ನಾವು ಹಾಡೋಣ.”

“ಹೇಳ್ತೀಯಾ?”

“ಹೇಳ್ತೀನಿ ಅಂದ್ನಲ್ಲ.”

ಲೀಡ್ಸಿನ ಚಹಾ ಅಂಗಡಿಯಲ್ಲಿ ಫೆರಿಬಿ ಬೇಕನ್ ಸ್ಯಾಂಡ್‌ವಿಚ್ ತಿನ್ನುತ್ತ ಕುಳಿತಿದ್ದ. ಸೌಮ್ಯ ಮನುಷ್ಯ, ತೋಳು ಸವೆದ ಕೋಟು. ಆಲ್ವಿನ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದ.

“ಗೊತ್ತು,” ಎಂದ ಫೆರಿಬಿ. “ಮರುವಾರವೇ ಗೊತ್ತಾಯ್ತು. ನನ್ನ ಮಗಳು ಅದನ್ನ ನಲವತ್ತೈದಕ್ಕೆ ಹಾಕಿದ್ಲು.”

ಆಲ್ವಿನ್‌ಗೆ ಕೋಪ ಬರಬೇಕಿತ್ತು. ಬಂದದ್ದು ಒಂದು ಪ್ರಶ್ನೆ.

“ಹೇಗಿತ್ತು?”

ಫೆರಿಬಿ ತುತ್ತು ನುಂಗಿ ಬಾಯಿ ಒರೆಸಿಕೊಂಡ. “ಚೆನ್ನಾಗೇ ಇತ್ತು. ನೋಡಪ್ಪಾ, ಅಂಥವು ನನ್ನ ಮೇಜಿಗೆ ವಾರಕ್ಕೆ ನಲವತ್ತು ಬರ್ತವೆ. ಅರ್ಧ ನಿಮಿಷ ಕೇಳಿ ಪಕ್ಕಕ್ಕಿಡ್ತಿದ್ದೆ.” ಅದರಲ್ಲಿ ಕೊಂಕಿರಲಿಲ್ಲ, ವೈದ್ಯ ಕಾಯಿಲೆಯ ಹೆಸರು ಹೇಳಿದಂತಿತ್ತು. “ತಿದ್ದುಪಡಿ ಬೇಕಂದ್ರೆ ಬರೀತೀನಿ. ಒಂದು ವಾರ ನಾನು ನಗೆಪಾಟಲಾಗ್ತೀನಿ, ಪರವಾಗಿಲ್ಲ, ಅಭ್ಯಾಸ ಇದೆ. ಆಮೇಲೆ ನೀವು ಆ ನಲವತ್ತರಲ್ಲಿ ಒಬ್ಬರು. ನೀನೇ ಹೇಳು, ಬರೀಲಾ?”

ಆಲ್ವಿನ್ ಸಕ್ಕರೆ ಹಾಕದ ಚಹಾವನ್ನು ಬಹಳ ಹೊತ್ತು ಕದಡಿದ.

“ಬೇಡ ಬಿಡಿ.”

“ಒಳ್ಳೇದು. ಹಾಗಾದ್ರೆ ಹೇಳು, ಕೋಲ್ಡ್‌ವೆಲ್‌ನ ಮೊದಲು ಕೇಳಿದ್ದು ಯಾವಾಗ?”

ಆಲ್ವಿನ್ ಕೋಲ್ಡ್‌ವೆಲ್‌ನನ್ನು ಕೇಳಿದ್ದು ವಿಮರ್ಶೆ ಬಂದ ಮೇಲೆ. “ಚಿಕ್ಕಂದಿನಲ್ಲಿ,” ಎಂದ. ಫೆರಿಬಿ ಬರೆದುಕೊಂಡ.

ಹೊರಗೆ ಜೆನೆಟ್ ವ್ಯಾನಿಗೆ ಒರಗಿ ಕಾಯುತ್ತಿದ್ದಳು. “ಹೇಳಿದ್ಯಾ?”

“ಮಾತಿಗೆ ಮಾತು ಬಂದು... ಆಗ್ಲಿಲ್ಲ.”

ಅವಳು ವ್ಯಾನಿನ ಬಾಗಿಲು ತೆರೆದು ಒಳಗೆ ಕೂತಳು. ಎರಡು ತಿಂಗಳ ನಂತರ ತಂಡ ಬಿಟ್ಟು ಬೇಕರಿಗೆ ಮರಳಿದಳು. ಅವಳ ಜಾಗಕ್ಕೆ ಡ್ರಮ್ ಯಂತ್ರವೊಂದು ಬಂತು. ಎರಡು ಪೆಟ್ಟುಗಳ ನಡುವೆ ಕಾಯುವುದು ಅದಕ್ಕೆ ಬೇಸರ ತರಿಸಲಿಲ್ಲ.

ಎರಡನೆಯ ರೆಕಾರ್ಡನ್ನು ನಿಜವಾಗಿ ನಿಧಾನವಾಗಿಯೇ ಹಾಡಿ ಮಾಡಿದರು. ಆ ಹೊತ್ತಿಗೆ ಆಲ್ವಿನ್ ಅಂಗಡಿಯಲ್ಲಿ ಬ್ರೆಡ್ ಕೇಳುವಾಗಲೂ ತಗ್ಗಿನ ದನಿಯಲ್ಲೇ ಕೇಳುತ್ತಿದ್ದ; ಮೇಲಿನ ಸ್ವರಗಳು ಒಂದೊಂದಾಗಿ ಒಡೆದು ಹೋಗಿದ್ದವು. ಫೆರಿಬಿಯ ವಿಮರ್ಶೆ ನಾಲ್ಕು ಸಾಲಿನದು: ‘ಕೋಲ್ಡ್‌ವೆಲ್‌ನ ಶ್ರದ್ಧಾವಂತ ನಕಲು. ಈ ಹುಡುಗನಿಗೆ ಸ್ವಂತ ದನಿಯೆಂಬುದು ಎಂದಾದರೂ ಇತ್ತೇ?’ ಉಳಿದ ಪತ್ರಿಕೆಗಳಿಗೂ ಅದೇ ಅನುಮಾನ ಬಂತು. ಲೋಮ್ಯಾಕ್ಸ್ ಫೋನ್ ಎತ್ತುವುದನ್ನು ಬಿಟ್ಟ.

ಆಲ್ವಿನ್ ಬೇಕರಿಗೆ ಫೋನ್ ಮಾಡಿದ.

“ಓದ್ದೆ,” ಎಂದಳು ಜೆನೆಟ್. ಹಿಂದೆ ತಟ್ಟೆಗಳ ಸದ್ದು. “ಅವತ್ತು ಲೀಡ್ಸ್‌ನಲ್ಲಿ ಅವನಿಗೆ ಹೇಳಿದ್ದೆ ಅಲ್ವಾ ನೀನು?”

“ಹೇಳಿದ್ದೆ.”

“ಏನಂದ?”

“ನಮ್ಮ ಹಾಡು ಕೇಳಿದಾನಂತೆ, ಸರಿಯಾದ ವೇಗದಲ್ಲಿ. ವಾರಕ್ಕೆ ನಲವತ್ತು ಬರ್ತವೆ ಅಂಥವು, ಅಂದ.”



“ನಂಗೆ ಇಷ್ಟ ಇತ್ತು ಕಣೋ ಅದು,” ಎಂದಳು. ಆಮೇಲೆ ಯಾರೋ ಗಿರಾಕಿ ಬಂದರೆಂದು ಫೋನ್ ಇಟ್ಟಳು.