ಬೆರಳು ತೂರದ ಗಂಟು

ಊರಿಗೆ ಇನ್ನೂ ಮೊಬೈಲು ಬಾರದಿದ್ದ ಕಾಲವದು. ಡೋಣಿ ಎಂಬ ಹಳ್ಳಿಯನ್ನು ದಾಟಿ ಗುಡ್ಡದ ಸೆರಗಿಗೆ ಬಂದರೆ ಅಲ್ಲೊಂದು ಸಣ್ಣ ಊರು. ಆ ಊರಿಗೆ ಒಬ್ಬ ಹೆಣ್ಣುಮಗಳು ಬಂದಳು. ಬಂದವಳು ಮನೆಮನೆಗೂ ಒಂದೊಂದು ಕೆಂಪು ಲಾಡಿ ಕೊಟ್ಟಳು. ಹಾವು ಕಡಿದಾಗ ಇದನ್ನು ಬಿಗಿದು ಕಟ್ಟಿದರೆ ವಿಷ ಎದೆಗೇರುವುದಿಲ್ಲ ಎಂದಳು. ಊರವರು ಅದನ್ನು ತಲಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು, ಪಂಚಮಿ ಹಬ್ಬಕ್ಕೊಮ್ಮೆ ಕುಂಕುಮ ಹಚ್ಚಿದರು, ಹೆದರಿಕೆಯಿಲ್ಲದೆ ಹೊಲಕ್ಕೆ ಹೋಗಿಬಂದು ಸುಖವಾಗಿದ್ದರು. ಕಥೆ ಅಲ್ಲಿಗೇ ಮುಗಿದಿದ್ದರೆ ಚೆಂದವಿತ್ತು.

ಇಪ್ಪತ್ತೆರಡು ವರ್ಷಗಳ ಮೇಲೆ, ಮುಂಗಾರಿನ ಮೋಡ ಗುಡ್ಡದ ಹಿಂದೆ ಕೂಡತೊಡಗಿದ್ದ ಒಂದು ಮುಂಜಾನೆ, ಅದೇ ಹೆಣ್ಣುಮಗಳು ಕೈಚೀಲ ಹಿಡಿದು ಸುಮಿತ್ರವ್ವನ ಕಟ್ಟೆಯ ಮುಂದೆ ನಿಂತು, ಕೊಟ್ಟ ಲಾಡಿಯನ್ನು ತಿರುಗಿ ಕೇಳುತ್ತಿದ್ದಳು.

ಸುಮಿತ್ರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆಯೆತ್ತಲಿಲ್ಲ. "ಬಾಗಿನಾ ಕೊಟ್ಟು ತಿರುಗಿ ಕೇಳಿದವರನ್ನ ನಾ ಇವತ್ತ ನೋಡಿದೆ ನೋಡ್ರಿ, ಬಾಯಾರ," ಎಂದಳು.

"ಹಳೇದಾಗೇತಿ, ಸುಮಿತ್ರವ್ವ. ಜೀರಣ ಆಗೇತಿ."

"ನಾನೂ ಆಗೀನಿ. ನನ್ನೂ ಚೀಲದಾಗ ಹಾಕ್ಕೊಂಡು ಹೋಗ್ರಲಾ."

ಕೈಚೀಲ ಹಿಡಿದಿದ್ದ ಗುಲಾಬಬಿ ನಗಲು ನೋಡಿದಳು. ಆಗಲಿಲ್ಲ.

ಗುಲಾಬಬಿ ಆ ಊರಿನ ನರ್ಸಬಾಯಿ. ಬೆಟಗೇರಿಯ ನೇಕಾರ ಅಕ್ಬರಸಾಬನ ಮಗಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ತರಬೇತಿ ಮುಗಿಸಿ, ಒಂದು ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದಳು. ಬಂದ ಎರಡನೆಯ ವರ್ಷ, ಶೇಂಗಾ ಕೀಳುವ ದಿನಗಳಲ್ಲಿ, ಹಾವು ಕಡಿದ ಒಬ್ಬ ಬಾಣಂತಿ ಬಸ್ಸಿನ ದಾರಿ ಕಾಯುತ್ತ ಅವಳ ತೊಡೆಯ ಮೇಲೇ ಪ್ರಾಣ ಬಿಟ್ಟಳು. ಅಂದು ಗುಲಾಬಬಿ ತರಬೇತಿಯಲ್ಲಿ ಕೊಟ್ಟಿದ್ದ ನೀಲಿ ರಟ್ಟಿನ ಪುಸ್ತಕ ತೆರೆದು ನೋಡಿದಳು. ಕಡಿದ ಜಾಗಕ್ಕೂ ಎದೆಗೂ ನಡುವೆ ಬಿಗಿಯಾಗಿ ಕಟ್ಟಬೇಕು ಎಂದು ಅದರಲ್ಲಿ ಚಿತ್ರಸಹಿತ ಇತ್ತು. ಮುಂದಿನ ವಾರವೇ ಬೆಟಗೇರಿಗೆ ಹೋಗಿ ಅಪ್ಪನ ಮಗ್ಗದ ಮೇಲೆ ಕೆಂಪು ನೂಲಿನ ದಪ್ಪ ಲಾಡಿ ನೇಯಿಸಿದಳು. ಇಷ್ಟು ಗಟ್ಟಿ ಲಾಡಿ ಯಾವ ಆನೆಯ ಲಂಗಕ್ಕೆ ಎಂದು ಅಪ್ಪ ಕೇಳಿದ್ದ.

ಲಾಡಿ ಕೊಟ್ಟು ಸುಮ್ಮನಾಗಲಿಲ್ಲ. ಮನೆಯ ಸೊಸೆಯಂದಿರನ್ನು ಕೂರಿಸಿಕೊಂಡು ಒನಕೆಗೆ ಕಟ್ಟಿಸಿ ಗಂಟು ಕಲಿಸಿದಳು. ಕಟ್ಟಿದ ಮೇಲೆ ಒಳಗೆ ಬೆರಳು ತೂರಬಾರದು, ಅದು ಪರೀಕ್ಷೆ. ಅಣ್ಣತಮ್ಮಂದಿರು ಬೇರೆಯಾದರೆ, ಪಾತ್ರೆಪಗಡ ಹಂಚಿಕೊಂಡ ಮರುದಿನ ಹೊಸ ಒಲೆ ಹೂಡಿದವಳು ಗುಲಾಬಬಿಯ ಬಾಗಿಲಿಗೆ ಬಂದು ತನ್ನ ಪಾಲಿನ ಲಾಡಿ ಕೇಳುತ್ತಿದ್ದಳು. ಹೀಗೆ ಊರಿನ ತೊಂಬತ್ತಾರು ಮನೆಗಳಲ್ಲೂ ಲಾಡಿ ಆಯಿತು. ಹಬ್ಬದ ದಿನ ಯಾರ ಪಂಕ್ತಿಯಲ್ಲೂ ಕೂರದ, ಸಂಜೆ ಒಂದೇ ರೊಟ್ಟಿ ಬಡಿದುಕೊಳ್ಳುವ ಅವಳಿಗೆ, ಆ ಬಾಗಿಲುಗಳ ಹಿಂದೆಲ್ಲ ತನ್ನದೊಂದು ಎಳೆ ಇದೆ ಎಂಬುದು ಒಳಗೊಳಗೇ ಬೆಚ್ಚಗಿತ್ತು.

ಈ ವರ್ಷದ ಬೇಸಗೆಯ ಕೊನೆಗೆ ಗದಗಿನಲ್ಲಿ ಒಂದು ದಿನದ ತರಬೇತಿ ನಡೆಯಿತು. ಪಾಠ ಮಾಡಲು ಬಂದವರು ಅಂಕಿತಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಗೋಡೆಯ ಮೇಲೆ ಚಿತ್ರ ಮೂಡಿಸುವ ಮುಂಚೆ, ನಿಮ್ಮ ಊರುಗಳಲ್ಲಿ ಹಾವು ಕಡಿದರೆ ಮೊದಲು ಏನು ಮಾಡುತ್ತಾರೆ ಎಂದು ಕೇಳಿದರು. ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಗುಲಾಬಬಿ ಎದ್ದು ನಿಂತಳು.

"ನಮ್ಮೂರಾಗ ತೊಂಬತ್ತಾರು ಮನಿ ಅದಾವ್ರಿ. ತೊಂಬತ್ತಾರು ಮನ್ಯಾಗೂ ಕಟ್ಟಾಕ ಲಾಡಿ ಐತ್ರಿ. ನಾನ ಕೊಟ್ಟೀನ್ರಿ."

ಡಾಕ್ಟರು ಬೈಯಲಿಲ್ಲ. ಕಟ್ಟಬಾರದು ಎಂದು ಮೆಲ್ಲಗೆ ಹೇಳಿದರು. ಬಿಗಿದು ಕಟ್ಟಿದರೆ ವಿಷ ನಿಲ್ಲುವುದಿಲ್ಲ, ರಕ್ತ ನಿಲ್ಲುತ್ತದೆ. ವಿಷವಿಲ್ಲದ ಹಾವು ಕಡಿದಿದ್ದರೂ ಕಾಲು ಕೊಳೆಯುತ್ತದೆ. ಮುರಿದ ಕಾಲಿಗೆ ಕಟ್ಟಿದಂತೆ ಹಲಗೆ ಕೊಟ್ಟು ಸಡಿಲವಾಗಿ ಬಟ್ಟೆ ಸುತ್ತಬೇಕು, ನಡೆಸಬಾರದು, ಆದಷ್ಟು ಬೇಗ ಆಸ್ಪತ್ರೆಗೆ ಒಯ್ಯಬೇಕು. ಈ ಮಾತು ಬದಲಾಗಿ ಬಹಳ ವರ್ಷವಾಯಿತು ಎಂದರು.

ಚಹಾದ ಹೊತ್ತಿನಲ್ಲಿ ಗುಲಾಬಬಿ ಅವರ ಹತ್ತಿರ ಹೋದಳು. "ಮಳಿ ಹಿಡಿಯೋದ್ರೊಳಗ ಎಲ್ಲಾ ತಿರುಗಿ ತರ್ತೀನ್ರಿ. ಒಂದೂ ಬಿಡಂಗಿಲ್ಲ," ಎಂದಳು. ಡಾಕ್ಟರು ಅವಳ ಕೈ ಹಿಡಿದು, ಹೊಸ ಹೊಸದು ಬರುತ್ತಲೇ ಇರುತ್ತದೆ, ನನಗೂ ಓದಿ ಮುಗಿಯುವುದಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದು. ಆದರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ 'ಬಹಳ ವರ್ಷ' ಎಂಬುದೇ ಅವಳ ಕಿವಿಯಲ್ಲಿತ್ತು.

ಮನೆಗೆ ಬಂದವಳೇ ಪೆಟ್ಟಿಗೆ ತೆರೆದಳು. ಸರಕಾರದಿಂದ ಬಂದ ಕಾಗದಗಳನ್ನೆಲ್ಲ ವರ್ಷದ ಲೆಕ್ಕದಲ್ಲಿ ಗಂಟು ಮಾಡಿ, ಉಳಿದ ಕೆಂಪು ಲಾಡಿಯ ತುಂಡುಗಳಿಂದಲೇ ಕಟ್ಟಿಟ್ಟಿದ್ದಳು. ಇಂಗ್ಲಿಷಿನಲ್ಲಿ ಬಂದವನ್ನು ಮೊದಲು ಶಾಲೆಯ ಶಿವಯೋಗಿ ಮಾಸ್ತರರು ಓದಿ ಹೇಳುತ್ತಿದ್ದರು. ರವಿವಾರ ಮಧ್ಯಾಹ್ನ ಅವರು ಹೊರಗೆ ಮೆಟ್ಟಿಲ ಮೇಲೆ, ಅವಳು ಒಳಗೆ ಹೊಸ್ತಿಲ ಈಚೆಗೆ, ನಡುವೆ ಬಾಗಿಲು ಪೂರ್ತಿ ತೆರೆದಿರುತ್ತಿತ್ತು. ಆದರೂ ಒಂದು ದಿನ ಸುಮಿತ್ರವ್ವ ನೀರಿನ ಕೊಡ ಹೊತ್ತು ಹೋಗುತ್ತ, "ಸರಕಾರದ ಕಾಗದ ಭಾಳ ಉದ್ದ ಇರ್ತಾವೇನ್ರಿ, ಬಾಯಾರ?" ಎಂದು ನಕ್ಕಿದ್ದಳು. ಮುಂದಿನ ರವಿವಾರ ಬರುವುದು ಬೇಡವೆಂದು ಗುಲಾಬಬಿಯೇ ಮಾಸ್ತರರಿಗೆ ಹೇಳಿದಳು. ಆ ವರ್ಷವೇ ಅವರು ಲಕ್ಷ್ಮೇಶ್ವರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಆಮೇಲೆ ಬಂದ ಇಂಗ್ಲಿಷ್ ಕಾಗದಗಳ ಮೂಲೆಯಲ್ಲಿ ಅವಳು ಪೆನ್ಸಿಲಿನಿಂದ 'ಓದಿಸಬೇಕು' ಎಂದು ಬರೆದಿಡುತ್ತಿದ್ದಳು.

ಹುಡುಕಿದ ಕಾಗದ ಅಲ್ಲಿಯೇ ಸಿಕ್ಕಿತು. ಎರಡು ಹಾಳೆ. ಹಾವಿನ ಚಿತ್ರವೊಂದಿತ್ತು, ಕೆಳಗೆ ಕಾಲಿಗೆ ಕಟ್ಟಿದ ದಾರದ ಚಿತ್ರ, ಅದರ ಮೇಲೆ ಅಡ್ಡ ಗೀಟು. ಆ ಗೀಟನ್ನು ಓದಲು ಇಂಗ್ಲಿಷು ಬೇಕಿರಲಿಲ್ಲ. ಹದಿಮೂರು ವರ್ಷದ ಹಿಂದಿನ ತಾರೀಖು. 'ತಲುಪಿದೆ' ಎಂದು ಅವಳದೇ ಸಹಿ. ಮೂಲೆಯಲ್ಲಿ ಪೆನ್ಸಿಲಿನ ಅಕ್ಷರ ಮಾಸಿತ್ತು.

ಅದೇ ಊರಿನ ರೈತ ಸಿದ್ದಾರೂಢನಿಗೆ ಹಾವು ಕಡಿದದ್ದು ನಾಲ್ಕು ವರ್ಷದ ಹಿಂದೆ. ಅವನ ಹೆಂಡತಿ ಹನಮಂತವ್ವ, ಗುಲಾಬಬಿ ಕಲಿಸಿದಂತೆಯೇ, ಬೆರಳು ತೂರದಂತೆ ಕಟ್ಟಿದ್ದಳು. ವಾಹನ ಸಿಕ್ಕು ಆಸ್ಪತ್ರೆ ಮುಟ್ಟಿ ಲಾಡಿ ಬಿಚ್ಚುವಷ್ಟರಲ್ಲಿ ಆರು ತಾಸು. ವಿಷದ ಗುರುತೇ ಇಲ್ಲ ಎಂದರು ಅಲ್ಲಿ. ಪಾದ ಮಾತ್ರ ಕಪ್ಪಾಗಿತ್ತು. ಕಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆಯಬೇಕಾಯಿತು. ಕಾಲು ಹೋದರೂ ಜೀವ ಉಳಿಯಿತು, ಬಾಯಿಯವರ ಲಾಡಿ ಉಳಿಸಿತು ಎಂದು ಊರು ಹೇಳಿತು. ಗುಲಾಬಬಿಯೂ ಹಾಗೆಯೇ ನಂಬಿದ್ದಳು.

ಸುಮಿತ್ರವ್ವನ ಕಟ್ಟೆಗೆ ಬರುವ ತನಕ ಮನೆಮನೆಗೆ ಹೋಗಿ ಗುಲಾಬಬಿ ಹೇಳಿದ್ದು ಹಳೆಯದಾಗಿದೆ ಎಂಬ ಒಂದೇ ಮಾತು. ಲಾಡಿ ತಿರುಗಿ ಕೊಟ್ಟವರೆಲ್ಲ ಹೊಸದು ಯಾವಾಗ ಎಂದು ಕೇಳಿದ್ದರು, ಬರುತ್ತದೆ ಎಂದಿದ್ದಳು. ಸುಮಿತ್ರವ್ವ ಹಾಗೆ ಬಿಡುವವಳಲ್ಲ. ಮೊರವನ್ನು ಪಕ್ಕಕ್ಕಿಟ್ಟು ಕೈಯೊಡ್ಡಿದಳು. ಹೊಸದು ಕೊಟ್ಟು ಹಳೆಯದು ಒಯ್ಯಿರಿ ಎಂದಳು.

"ಹೊಸಾದು ಇಲ್ಲ, ಸುಮಿತ್ರವ್ವ." ಗುಲಾಬಬಿ ಚೀಲವನ್ನು ಕಟ್ಟೆಯ ಮೇಲಿಟ್ಟಳು. "ಕಟ್ಟಬಾರದಂತ. ಕಟ್ಟಿದ್ರ ರಕ್ತ ನಿಂತು ಕಾಲು ಸಾಯತೈತಿ. ನಾ ಕಲಿಸಿದ್ದು ತಪ್ಪಿತ್ತು."

ಗುಬ್ಬಿಯೊಂದು ಮೊರದ ಅಂಚಿಗೆ ಬಂದು ಕಾಳು ಹೆಕ್ಕಿಕೊಂಡು ಹೋಯಿತು. ಸುಮಿತ್ರವ್ವ ಅದನ್ನು ಓಡಿಸಲಿಲ್ಲ.

"ಹಂಗಾರ ಸಿದ್ದಾರೂಢನ ಕಾಲು?"

ಸುಮಿತ್ರವ್ವ ಎದ್ದು ಒಳಗೆ ಹೋಗಿ, ಕುಂಕುಮದಿಂದ ಗಟ್ಟಿಯಾಗಿದ್ದ ಲಾಡಿಯನ್ನು ತಂದು ಚೀಲದೊಳಗೆ ಬಿಟ್ಟಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಕುಡಿದು ಹೋಗಿರಿ ಎನ್ನಲಿಲ್ಲ.

ಆಮೇಲೆ ಕೇಳುವುದೇ ಬೇಕಾಗಲಿಲ್ಲ. ಲಾಡಿಗಳು ತಾವಾಗಿ ಬಂದವು. ಮುಂಜಾನೆ ಬಾಗಿಲು ತೆಗೆದರೆ ಗೇಟಿನ ಕಂಬಿಗೆ ನಾಲ್ಕಾರು ಜೋತುಬಿದ್ದಿರುತ್ತಿದ್ದವು. ಬಿ.ಪಿ. ನೋಡಿಸಿಕೊಳ್ಳಲು ಬರುತ್ತಿದ್ದ ಹೆಂಗಸರು ಕಡಿಮೆಯಾದರು. ಬಂದವರು ತೋಳು ಚಾಚಿ ಬೇರೆ ಕಡೆ ನೋಡುತ್ತ ಕೂತರು. ಆದರೂ ಅವಳು ಲಾಡಿ ಬಂದ ಮನೆಗೆಲ್ಲ ಮತ್ತೆ ಹೋದಳು. ಹಲಗೆ, ಸಡಿಲ ಬಟ್ಟೆ, ನಡೆಸಬೇಡಿ, ಗಾಡಿಗೆ ಫೋನ್ ಮಾಡಿ ಎಂದು ಅಷ್ಟೇ ಮಾತನ್ನು ಪ್ರತಿ ಕಟ್ಟೆಯ ಮುಂದೆಯೂ ಹೇಳಿದಳು. ಒಬ್ಬ ಮುದುಕಿ ಪೂರ್ತಿ ಕೇಳಿಸಿಕೊಂಡು, "ನಾಳೆ ಇದೂ ತಪ್ಪಂತ ಕಾಗದ ಬಂದ್ರ?" ಎಂದಳು.

"ಬಂದ್ರ, ಬಂದು ಹೇಳ್ತೀನಿ."

ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ, ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು.

ತೊಂಬತ್ತೈದು ಬಂದವು. ಗುಡ್ಡದ ಮೇಲೆ ಮೋಡ ಕಪ್ಪಾಗಿ ಇಳಿದ ದಿನ ಗುಲಾಬಬಿ ಸಿದ್ದಾರೂಢನ ಹಿಟ್ಟಿನ ಗಿರಣಿಗೆ ಹೋದಳು. ಕಾಲು ಹೋದ ಮೇಲೆ ಅವನು ಹೊಲ ಬಿಟ್ಟು ಮನೆಯ ಮುಂದಿನ ಖೋಲಿಯಲ್ಲಿ ಗಿರಣಿ ಹಾಕಿಕೊಂಡಿದ್ದ. ಕಂಕುಳ ಬಡಿಗೆ ಗೋಡೆಗೆ ಆನಿಸಿತ್ತು. ಅದರ ಹಿಡಿಕೆಯ ಸುತ್ತ, ಒತ್ತೊತ್ತಾಗಿ, ಅವನ ಕಾಲಿಗೆ ಕಟ್ಟಿದ್ದ ಅದೇ ಲಾಡಿ ಇತ್ತು. ಜೀವ ಉಳಿಸಿದ್ದೆಂದು ಆಸ್ಪತ್ರೆಯಿಂದ ಕೇಳಿ ತಂದು ಹನಮಂತವ್ವನೇ ಸುತ್ತಿ ಕಟ್ಟಿದ್ದಳು.

ಅವನು ಗಿರಣಿ ನಿಲ್ಲಿಸಿ, ಜೋಳದ ಚೀಲವೊಂದನ್ನು ಕಣ್ಣಿನಿಂದಲೇ ತೋರಿಸಿದ. ಅವಳು ಅದರ ಮೇಲೆ ಕೂತಳು. ಆ ಇಂಗ್ಲಿಷ್ ಕಾಗದವನ್ನು ಅಂಕಿತಾ ಡಾಕ್ಟರಿಗೆ ಫೋನ್ ಮಾಡಿ, ಸಾಲು ಸಾಲು ಕೇಳಿ, ಕನ್ನಡದಲ್ಲಿ ಬರೆದುಕೊಂಡಿದ್ದಳು. ಅದನ್ನು ತೆಗೆದು ಮೊದಲಿನಿಂದ ಕೊನೆಯವರೆಗೂ ಓದಿದಳು. ಸಿದ್ದಾರೂಢ ಗಿರಣಿಯ ಬೆಲ್ಟಿನ ಮೇಲಿನ ಹಿಟ್ಟನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೇಳಿದ.

"ಈ ಕಾಗದ ಯಾವಾಗ ಬಂದಿತ್ರಿ, ಬಾಯಾರ?"

ಈ ಬೇಸಗೆಯಲ್ಲಿ ಎನ್ನಬಹುದಿತ್ತು. ಪೆಟ್ಟಿಗೆಯೊಳಗೆ ನೋಡಿದವರು ಅವಳನ್ನು ಬಿಟ್ಟು ಯಾರೂ ಇರಲಿಲ್ಲ.

"ಹದಿಮೂರು ವರ್ಷ ಆತು. ನಿನಗ ಕಡಿಯೋಕಿಂತ ಒಂಬತ್ತು ವರ್ಷ ಮೊದಲ. ಇಂಗ್ಲಿಷಿನ್ಯಾಗ ಇತ್ತು. ನಾ ಓದಿಸಲಿಲ್ಲ."

ಅಷ್ಟರಲ್ಲಿ ಯಾರೋ ಹೆಂಗಸು ಜೋಳದ ಡಬ್ಬಿ ತಂದಿಟ್ಟಳು. ಗುಲಾಬಬಿಯನ್ನು ಕಂಡು ಹೊರಗೇ ನಿಂತಳು. ಸಿದ್ದಾರೂಢ ಗಿರಣಿ ಶುರು ಮಾಡಿದ. ಬೀಸಿ, ಡಬ್ಬಿ ತುಂಬಿ, ಬಡಿದು ಅದುಮಿ, ಮುಚ್ಚಳ ಹಾಕಿ ಕೊಟ್ಟು ಕಳಿಸಿದ. ಅಷ್ಟು ಹೊತ್ತೂ ಗುಲಾಬಬಿ ಕೂತೇ ಇದ್ದಳು. ಹಿಟ್ಟಿನ ಧೂಳು ಅವಳ ಕೂದಲಿನ ಮೇಲೆ, ರೆಪ್ಪೆಯ ಮೇಲೆ ಇಳಿಯಿತು.

"ನಾಕು ದಿನ ಆತು, ಆಕಿ ನನ್ನ ಮಾರಿ ನೋಡವಲ್ಲಳು," ಎಂದ ಸಿದ್ದಾರೂಢ. "ಕಟ್ಟಿದಾಕಿ ಆಕಿ ನೋಡ್ರಿ."

ಖೋಲಿಯ ಹಿಂದೆ ಮನೆಯೊಳಗಿನ ಬಾಗಿಲು ಅರೆ ತೆರೆದಿತ್ತು. ಅದರಾಚೆ ಬಳೆಯ ಸದ್ದಾಯಿತು. ಗುಲಾಬಬಿ ಆ ಬಾಗಿಲಿಗೆ ಕೇಳಿಸುವಂತೆ ದನಿ ಎತ್ತಿದಳು.

"ಹನಮಂತವ್ವ ನಾ ಕಲಿಸಿದಂಗ ಕಟ್ಟಿದಳು. ಒಂದು ಎಳಿನೂ ತಪ್ಪಿಲ್ಲ. ತಪ್ಪು ಕಲಿಸಿದಾಕಿದು."

ಬಾಗಿಲು ಅಲುಗಲಿಲ್ಲ. ಸಿದ್ದಾರೂಢ ಗೋಡೆ ಹಿಡಿದು ಕುಪ್ಪಳಿಸಿ, ಬಡಿಗೆ ತಂದು ಅವಳ ತೊಡೆಯ ಮೇಲೆ ಅಡ್ಡಲಾಗಿ ಇಟ್ಟ.

"ನಾ ಬಿಚ್ಚಾಕ ನೋಡಿದ್ನ್ರಿ, ಬರವಲ್ದು. ನೀವ ಕಲಿಸಿದ ಗಂಟು. ಕತ್ತರಿ ಕೊಡ್ಲೇನ್ರಿ?"

"ಬ್ಯಾಡ."

ಬೆವರು, ಹಿಟ್ಟು ಕುಡಿದು ಗಂಟು ಕಲ್ಲಾಗಿತ್ತು. ಉಗುರು ಹಾಕಿದಳು, ಜಾರಿತು. ತಲೆಯಿಂದ ಪಿನ್ನು ತೆಗೆದು ಒಂದು ಎಳೆಯನ್ನು ಮೀಟಿದಳು. ಬಹಳ ಹೊತ್ತು ಹಿಡಿಯಿತು. ಮಾಡಿನ ತಗಡಿನ ಮೇಲೆ ಮಳೆಯ ಒಂದು ಹನಿ ಬಿತ್ತು, ತುಸು ತಡೆದು ಇನ್ನೊಂದು. ಒಳಗಿನಿಂದ ಹನಮಂತವ್ವ ಬಂದು, ಮಾತಿಲ್ಲದೆ, ಬಡಿಗೆಯ ಇನ್ನೊಂದು ತುದಿಯನ್ನು ಅಲುಗದಂತೆ ಹಿಡಿದು ಕೂತಳು. ಕೊನೆಗೆ ಎಳೆ ಸಡಿಲಾಯಿತು. ಸುತ್ತು ಸುತ್ತಾಗಿ ಲಾಡಿ ಬಿಚ್ಚಿ ಬಂತು. ಅದರ ಕೆಳಗಿನ ಕಟ್ಟಿಗೆ, ಬಿಸಿಲು ಕಾಣದ ಮೈಯಂತೆ, ಬೆಳ್ಳಗಿತ್ತು.

ಗುಲಾಬಬಿ ಲಾಡಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದಳು. ಸಿದ್ದಾರೂಢ ಬಡಿಗೆ ತೆಗೆದುಕೊಂಡು ಎದ್ದ. ಅವನ ಅಂಗೈ ಹಿಡಿಕೆಯ ಮೇಲೆ ಎರಡು ಸಲ ತಡಕಾಡಿ, ಬರಿಯ ಕಟ್ಟಿಗೆಯನ್ನು ಹಿಡಿಯಿತು.