ಬುಡದಲ್ಲಿ ಸಿಕ್ಕವನು

ಕಂಪ್ಯೂಟರ್ ಪರದೆಯ ಮೇಲಿನ ಜೀನಿನ ವಂಶವೃಕ್ಷದಲ್ಲಿ ಸ್ಪಂಜೆಂಬ ಕಡಲಜೀವಿಯ ಕೊಂಬೆ ಬುಡದಿಂದ ಕಳಚಿ ತುದಿಗೆ ಹೋಗಿ ಕೂತಿತ್ತು. ಅವನು ಲೆಕ್ಕವನ್ನು ಮತ್ತೊಮ್ಮೆ ಓಡಿಸಿದ. ಮತ್ತೆ ಅದೇ ತುದಿ, ಮನುಷ್ಯನ ಪಕ್ಕ.

"ಸಾರ್, ಈ ಜೀನು ಸ್ಪಂಜಿಂದಲ್ಲ," ಎಂದಳು ಸಹಾಯಕಿ.

"ಮತ್ತೆ ಯಾರ್ದು?"

ಅವಳು ಕಿಟಕಿಯ ಕಡೆ ನೋಡಿದಳು. "ನೀವೇ ನೋಡ್ಬಿಡಿ."

ತಾಯಿಗೆ ಹಾಲಿಳಿಸುವ, ಹೆತ್ತವರನ್ನು ಮಗುವಿಗೆ ಅಂಟಿಸುವ ಹಾರ್ಮೋನಿನ ಜೀನು ಅದು. ಅದರ ಬಂಧುಬಳಗ ಮೀನು, ಬಸವನಹುಳು, ಎರೆಹುಳುಗಳಲ್ಲೂ ಉಂಟು. ಇವರೆಲ್ಲರ ಮುತ್ತಜ್ಜಿ ಕಡಲ ತಳದ ಸ್ಪಂಜಿನಲ್ಲಿದ್ದಾಳೆ ಎಂದು ಏಳು ವರ್ಷ ಸಾಧಿಸಿಕೊಂಡು ಬಂದವನು ಇವನು. ನರವಿಲ್ಲದ, ಹೃದಯವಿಲ್ಲದ ಜೀವಿಯಲ್ಲೂ ಮಮತೆಯ ಬೀಜವಿತ್ತು ಎಂದಾಗ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತಿತ್ತು. ನಾಳೆ ಪ್ರಬಂಧ ಅಚ್ಚಿಗೆ ಹೋಗಬೇಕು.

ಮಾದರಿಗೆ ಕೆಲಸಗಾರರ ಚರ್ಮ, ಉಗುಳು ಬೆರೆತರೆ ಪತ್ತೆಹಚ್ಚಲೆಂದು ಪ್ರಯೋಗಾಲಯದಲ್ಲಿ ಎಲ್ಲರ ಎಂಜಲನ್ನೂ ಪರೀಕ್ಷಿಸಿ ದಾಖಲಿಸಿಟ್ಟಿದ್ದರು. ಆ ನಿಯಮ ಮಾಡಿದವನೂ ಇವನೇ. ಸ್ಪಂಜಿನ ಜೀನನ್ನು ಆ ದಾಖಲೆಗಳೊಡನೆ ಹೋಲಿಸಿದ. ಲಕ್ಷಕ್ಕೊಬ್ಬರಲ್ಲಿ ಕಾಣುವ ಒಂದು ಸಣ್ಣ ಊನ ಇವನ ಜೀನಿನಲ್ಲಿತ್ತು, ಸ್ಪಂಜಿನದರಲ್ಲೂ ಇತ್ತು. ಮಾದರಿಗೆ ಬೆರೆತದ್ದು ಇವನದೇ ಎಂಜಲು. ಆ ಊನವನ್ನೇ ಪ್ರಾಚೀನತೆಯ ಗುರುತೆಂದು ಬರೆದಿದ್ದ. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಕ್ಕಿತ್ತು. ಇವನಿಗೆ ಸಿಕ್ಕಿದ್ದು ಇವನೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮುಖ್ಯಸ್ಥರಿಗೆ ಹೇಳ್ಲಾ ಸಾರ್?"

"ನಿಂದು ಊಟ ಆಯ್ತಾ?"

"ಸಾರ್, ನಾಳೆ..."

"ನಾನೇ ಹೇಳ್ತೀನಿ. ನೀನು ಹೋಗಿ ಊಟ ಮಾಡು."

ಹೇಳಲಿಲ್ಲ. ಮಧ್ಯಾಹ್ನವೇ ಮನೆಗೆ ಬಂದ.

ಹನ್ನೊಂದು ದಿನದ ಮಗಳು ಮನೆ ಕಿತ್ತುಹೋಗುವಂತೆ ಅಳುತ್ತಿದ್ದಳು. "ಬಂದ್ರಾ? ಸ್ವಲ್ಪ ಎತ್ಕೊಳ್ಳಿ ಅವಳ್ನ," ಎಂದು ಹೆಂಡತಿ ಬಚ್ಚಲುಮನೆಯಿಂದ ಕೂಗಿದಳು.

ಮಗುವಿನ ಮುಖ ನೋಡಿದೊಡನೆ ಒಳಗೆ ಏನೋ ಉಕ್ಕಬೇಕು ಎಂದು ಉಪನ್ಯಾಸಗಳಲ್ಲಿ ಹೇಳುತ್ತಿದ್ದವನು ಅವನೇ. ಹನ್ನೊಂದು ದಿನ ಕಾದ. ಏನೂ ಉಕ್ಕಿರಲಿಲ್ಲ. ಸ್ಪಂಜಿಗೇ ಇದ್ದದ್ದು ತನಗೆ ಇಲ್ಲದೆ ಹೋದೀತೇ, ತಡವಾಗಿಯಾದರೂ ಬಂದೀತು ಎಂದು ಸಮಾಧಾನ ಮಾಡಿಕೊಂಡಿದ್ದ. ಈಗ ಆ ನೆಪವೂ ಇಲ್ಲ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಎತ್ತಿಕೊಂಡ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮುಖ್ಯಸ್ಥರು.

"ಯಾರ್ರೀ ಅದು?"

"ಯಾರೂ ಇಲ್ಲ."

ಮಗು ತಡಕಾಡಿ ಅವನ ಬೆರಳನ್ನು ಬಾಯಿಗೆ ಎಳೆದುಕೊಂಡಿತು. ಅಳು ನಿಲ್ಲಿಸಿ, ಕಣ್ಣು ಮುಚ್ಚಿ, ಜೀವವನ್ನೆಲ್ಲ ಬಾಯಿಗೆ ತಂದುಕೊಂಡು ಚೀಪತೊಡಗಿತು. ಏನೂ ಬರುತ್ತಿರಲಿಲ್ಲ. ಮಗುವಿಗಿನ್ನೂ ಅದು ತಿಳಿದಿರಲಿಲ್ಲ. ಅವನು ಬೆರಳು ತೆಗೆಯಲಿಲ್ಲ.